ಹಗೇವಿನ ದೀಪ

ನಾಗಪ್ಪನ ಹೆಣವನ್ನು ಹಗೇವಿನಿಂದ ಮೇಲೆತ್ತಿದ್ದು ಮರುದಿನ ಬೆಳಿಗ್ಗೆ. ಮೈಮೇಲೆ ಒಂದು ಗಾಯವಿಲ್ಲ. ನೆಲದಡಿಯ ಆ ಜೋಳದ ಗುಂಡಿಗೆ ಅವನು ಇಳಿದಿದ್ದು ಸ್ವಂತ ಮನೆಯ ಅಂಗಳದಲ್ಲಿ, ಒಡಹುಟ್ಟಿದ ಅಣ್ಣನ ಕಣ್ಣೆದುರಿಗೆ.

ಚಿಂಚೋಳಿಯ ಪೊಲೀಸ್ ಅಮೀನ್ ಕಾಶಪ್ಪ ಜವಾನ ಮಶಾಕನ ಜೊತೆ ಕೊಡ್ಲಿ ಊರು ದಾಟಿ ಆ ಹಳ್ಳಿ ಮುಟ್ಟುವಷ್ಟರಲ್ಲಿ ಊರವರೇ ಪತ್ತೇದಾರಿಕೆ ಮುಗಿಸಿದ್ದರು. ನಾಗಪ್ಪನ ಹೆಂಡತಿ ಅಮೃತಮ್ಮನನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಪಕ್ಕದಲ್ಲೊಂದು ಕಲ್ಲು. ಮಾಟಗಾತಿಯ ಮುಂದಿನ ಹಲ್ಲು ಮುರಿದರೆ ಮಂತ್ರ ಕೆಡುತ್ತದಂತೆ! ಹಲ್ಲಿಗೇ ನಿಂತರೆ ಅವಳ ಪುಣ್ಯ.

"ಸಾಹೇಬ್ರ, ನನ್ನ ಗಂಡನ್ನ ನಾ ಯಾಕ ಕೊಲ್ಲಲಿ? ಹೊಲದಾಗ ಪಾಲು ಕೇಳ್ರಿ ಅಂದಿದ್ದೆ, ಅಷ್ಟೇ ನನ್ನ ತಪ್ಪು. ಕೂಸು ಹಸದು ಅಳಾಕತ್ತದ, ಕೈ ಬಿಚ್ಚಸ್ರಿ!"

ಹಗ್ಗಕ್ಕೆ ಕೈ ಹಾಕಿದ ಮಶಾಕನನ್ನು ಜನ ದಬ್ಬಿದರು. ಇಬ್ಬರು ಪೊಲೀಸರು, ಎದುರಿಗೆ ಇಡೀ ಊರು. ಕಾಶಪ್ಪ ಅಂಗಲಾಚಿ ಪಡೆದದ್ದು ಸಂಜೆಯವರೆಗಿನ ಗಡುವು. ಹಾಗೆ ಕೈಮುಗಿದದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂದಿತ್ತು.

*

"ನಂಗೇನ ಹುಚ್ಚ ಹಿಡದಿಲ್ರಿ," ಎಂದೇ ಶುರುಮಾಡಿದ ಸತ್ತವನ ಅಣ್ಣ ಸೂಗಪ್ಪ. "ಹಗೇವಿನ ಬಾಯಿ ತಗದೆ. ಕೂಡ್ಲೇ ದೀಪ ಒಳಗ ಇಳಿಬಿಟ್ಟ ನೋಡೀನ್ರಿ, ಸ್ವಚ್ಛ ಉರೀಲಿಕತ್ತಿತ್ತು. ಅಷ್ಟರಾಗ ತಮ್ಮ ಹೊಲದಿಂದ ಬಂದು ಇಳದ. ಒಂದು ಕರೀ ಕೈ ಬಂದು ಅವನ ಕುತಗಿ ಹಿಡೀತ್ರಿ. ಈಕೀದೇ ಮಾಟ!"

ಊಟದಲ್ಲಿ ವಿಷವೇ? ಅದೇ ರೊಟ್ಟಿ, ಅದೇ ಪುಂಡಿಪಲ್ಯ ಮನೆಮಂದಿಯೆಲ್ಲ ಉಂಡಿದ್ದರು. ಹಾವೇ? ಕಚ್ಚಿದ ಗುರುತಿಲ್ಲ. ಹೊತ್ತು ಇಳಿಯುತ್ತಿತ್ತು. ಕಾಶಪ್ಪ ಸೂಗಪ್ಪನನ್ನೇ ಮತ್ತೆ ಕೂರಿಸಿ ಕೇಳಿದ. ಈ ಸಲ ಕೈ ಬೆಳ್ಳಗಾಯಿತು, ಬಳೆಯೂ ತೊಟ್ಟಿತು. ಮತ್ತೊಮ್ಮೆ ಕೇಳಿದರೆ ಕೈಯೇ ಇಲ್ಲ, ಉದ್ದ ಕೂದಲು! ಹೇಳುತ್ತ ಹೇಳುತ್ತ ಅವನೇ ಹಿಂದೆ ತಿರುಗಿ ನೋಡಿದ. ತಾನೇ ಕಟ್ಟಿದ ದೆವ್ವವನ್ನು ಅರ್ಧ ನಂಬಿಬಿಟ್ಟಿದ್ದ.

"ಸಲಕ್ಕೊಂದು ವೇಷ ಹಾಕ್ತದ್ರಿ ಈ ದೆವ್ವ," ಎಂದ ಮಶಾಕ.

"ದೆವ್ವ ಬಿಡು. ದೀಪದ ಮಾತು ಮೂರು ಸಲನೂ ಒಂದಕ್ಷರ ಬದಲಾಗಿಲ್ಲ. ಅದನ್ನ ನಾವು ಕೇಳೇ ಇಲ್ಲಲ್ಲೋ!"

*

ಸಂಜೆ. ಒಬ್ಬ ಕಲ್ಲು ಎತ್ತಿಕೊಂಡ. ಅಮೃತಮ್ಮ ಕಣ್ಣು ಮುಚ್ಚಿದಳು.

"ತಡೀರಿ!" ಕಾಶಪ್ಪ ಅಂಗಳದ ಇನ್ನೊಂದು ಹಗೇವಿನ ಬಾಯಿ ಆಗಷ್ಟೇ ತೆಗೆಸಿದ್ದ. "ಸೂಗಪ್ಪ, ಎರಡೂ ಒಂದೇ ದಿನ ತುಂಬಿ ಮುಚ್ಚೀದಿ. ಹೌದಿಲ್ಲೋ?"

"ಹೌದ್ರಿ."

"ಮಾಟದಾಕಿನ್ನ ಕಟ್ಟೀರಿ. ಇನ್ನ ಯಾರ ಅಂಜಿಕಿ? ಇಳಿ."

ಸೂಗಪ್ಪ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟ. ಸರಕ್ಕನೆ ಎಳೆದುಕೊಂಡ. ಮಶಾಕ ರಟ್ಟೆ ಹಿಡಿದ.

"ಬ್ಯಾಡ್ರೀ! ಇಳದ್ರ ಸಾಯ್ತೀನ್ರೀ!"

"ದೆವ್ವದಿಂದೇನು?"

"ಗಾಳಿಯಿಂದ್ರೀ! ಒಳಗಿನ ಗಾಳಿ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡ.

ಕಾಶಪ್ಪ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಅದು ಅರ್ಧಕ್ಕೂ ಮುಟ್ಟದೆ ಆರಿಹೋಯಿತು. ಜನ ಮುಂದೆ ಬಗ್ಗಿ ನೋಡಿದರು.

"ಬಾಯಿ ತಗದ ಹಗೇವು ಅರ್ಧ ದಿನ ಗಾಳಿ ಕುಡೀಬೇಕು. ದೀಪ ಉರಿದ್ರನೇ ಮನುಷ್ಯ ಇಳೀಬೇಕು. ದೀಪ ಬಿಡೋದು ಮನಿ ಹಿರ್ಯಾನ ಕೆಲಸ. ಇದು ನಿಮಗೆಲ್ಲಾ ಗೊತ್ತು. ಅದೇ ದಿನ ತುಂಬಿದ ಆ ಹಗೇವಿನಾಗ ಬಾಯಿ ತಗದ ಕೂಡ್ಲೇ ದೀಪ ಹ್ಯಾಂಗ ಉರೀತು? ದೀಪ ಆರಿತ್ತು, ಇಲ್ಲಾ ಬಿಟ್ಟೇ ಇಲ್ಲ ಅಂದ್ರ ತಪ್ಪು ಇವನದ. ಅದಕ್ಕ ದೀಪ ಉರೀತು ಅಂದ. ದೀಪ ಉರೀತು ಅಂದಮ್ಯಾಲ ಕೊಂದಾವ್ರು ಯಾರು? ಒಂದು ದೆವ್ವ ಬೇಕಾತು. ದೆವ್ವಕ್ಕೊಬ್ಬಾಕಿ ಮಾಟಗಾತಿ ಬೇಕಾದ್ಲು. ಪಾಲು ಕೇಳಿದಾವ ಹ್ವಾದ, ಕೇಳಸಿದಾಕಿನೂ ಹೋಗ್ಲಿ ಅಂತ ಲೆಕ್ಕ."

ಕಲ್ಲು ನೆಲಕ್ಕೆ ಬಿತ್ತು. ಮಶಾಕ ಹಗ್ಗ ಬಿಚ್ಚಿದ. ಈ ಸಲ ಯಾರೂ ತಡೆಯಲಿಲ್ಲ. ಅಮೃತಮ್ಮ ಕೂಸಿನತ್ತ ಓಡಲಿಲ್ಲ. ಸೂಗಪ್ಪನ ಮುಂದೆ ಬಂದು ನಿಂತಳು.

"ಭಾವಾರ, ಇಳಿಯೋ ಮುಂದ ಅವ್ರು ಏನರ ಕೇಳಿದ್ರೇನು?"

ಸೂಗಪ್ಪ ಹಗೇವಿನ ಬಾಯಿಯತ್ತ ನೋಡಿದ. ಆಮೇಲೆ ಹೇಳಿದ. ಅದೊಂದೇ ಮಾತು ಅವನು ಆ ದಿನ ಹೆದರಿಕೆಯಿಲ್ಲದೆ ಆಡಿದ ನಿಜ.

"'ಅಣ್ಣಾ, ದೀಪ ನೋಡೀಯಿಲ್ಲೋ?' ಅಂದ. ಹೂಂ ಅಂದೆ. ತಿರಗಿ ಕೇಳಲಿಲ್ಲ. ಇಳದ."