ಹನ್ನೆರಡರ ಪಕ್ಕದ ಪುಟ್ಟ 'ಎ'

"ಆಗಲ್ಲ ಅಂದ್ರೆ ಆಗಲ್ಲ! ಕಿಟಕಿ ಪಕ್ಕದ ಮಂಚ ನಂದು!"

ಪಟಾಕಿ ಸ್ಕೂಲ್ ಬ್ಯಾಗನ್ನು ನೆಲಕ್ಕೆ ಕುಕ್ಕಿದಳು. ಇಡೀ ರೈಲು ಶೆಡ್ಡು 'ಧೊಪ್' ಎಂದು ತಿರುಗಿ ನುಡಿಯಿತು. ಮನೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಪಟಾಕಿ ಎನ್ನದೆ ಇನ್ನೇನೆನ್ನಬೇಕು?

ಅಮ್ಮ ಏಣಿಯ ಮೇಲಿದ್ದಳು. ಜನ ನೋಡಲೆಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ ಹಳೆಯ ಉಗಿ ಎಂಜಿನ್‌ಗಳನ್ನು ಒರೆಸಿ ಹೊಳೆಯಿಸುವುದು ಅವಳ ಕೆಲಸ.

"ತಮ್ಮ ಇನ್ನೂ ನನ್ನ ಮಗ್ಗುಲಲ್ಲೇ ಮಲಗ್ಬೇಕೇನೇ? ಅವನಿಗೆ ಗಾಳಿ ಬೇಕು ಅಂದ್ರು ಡಾಕ್ಟ್ರು. ನೀನು ಅಕ್ಕನ ಜೊತೆ ಬಾಗಿಲ ಹತ್ರ ಹಾಸ್ಕೋ."

"ಯಾವಾಗ್ಲೂ ನಾನೇ ಯಾಕೆ?"

"ಅಯ್ಯೋ, ಬೆಳಗ್ಗಿಂದ ಇದೇ ರಾಗ! ತಲೆ ತಿನ್ಬೇಡ. ಆ ಬಟ್ಟೆ ಹಿಂಡ್ಕೊಡು."

ಬಟ್ಟೆಯ ಮೇಲೇ ಹಗೆಯಿರುವಂತೆ ಪಟಾಕಿ ಹಿಂಡಿದಳು. ಕೊಡಲು ಕತ್ತೆತ್ತಿದಾಗ ಎಂಜಿನ್ನಿನ ಹಿತ್ತಾಳೆ ಫಲಕ ಕಂಡಿತು. ದೊಡ್ಡದಾಗಿ ಹನ್ನೆರಡು. ಪಕ್ಕದಲ್ಲಿ, ಆಮೇಲೆ ಸೇರಿಸಿದಂತೆ, ಪುಟ್ಟ 'ಎ'.

"ಇದೇನಮ್ಮ ಬಾಲ?"

"ಹೊಸ ಎಂಜಿನ್ ಬಂದಾಗ ಇದರ ಹನ್ನೆರಡು ನಂಬರನ್ನ ಅದಕ್ಕೆ ಕೊಟ್ರು. ಇದಿನ್ನೂ ಗಟ್ಟಿಯಾಗಿತ್ತು, ಗುಜರಿಗೆ ಹಾಕೋಕಾಗುತ್ತಾ? ಎರಡಕ್ಕೂ ಒಂದೇ ನಂಬರ್ ಇದ್ರೆ ಗಲಿಬಿಲಿ. ಅದಕ್ಕೇ ಇದನ್ನ ಹನ್ನೆರಡು-ಎ ಮಾಡಿದ್ರು."

"ಥೂ, ಅನ್ಯಾಯ! ಅದರ ನಂಬರ್ ಕಿತ್ಕೊಂಡು ಬಾಲ ಅಂಟಿಸೋದಾ? ಅದು ಸುಮ್ನಿತ್ತಾ?"

"ಸೀಟಿ ಇತ್ತಲ್ಲ, ಹೊಡ್ಕೊಂಡಿರುತ್ತೆ. ನಿನ್ನಷ್ಟು ಜೋರಾಗೇನಲ್ಲ."

"ನಾನಂತೂ ಬಾಲ ಅಂಟಿಸ್ಕೊಳ್ಳಲ್ಲ. ಆ ಮಂಚ ಮೊದಲಿಂದ್ಲೂ ನಂದೇ!"

ಅಮ್ಮನ ಕೈ ನಿಂತಿತು.

"ಮೊದಲಿಂದ್ಲಾ? ನೀನು ನನ್ನ ಮಗ್ಗುಲು ಬಿಡೋವರೆಗೂ ಅಲ್ಲಿ ಮಲಗ್ತಿದ್ದವಳು ಅಕ್ಕ ಕಣೇ."

ಪಟಾಕಿ ಬ್ಯಾಗನ್ನು ಎತ್ತಿಕೊಂಡು ಮನೆಯ ಕಡೆ ಹೊರಟಳು.

ಅವಳು ಮನೆಗೆ ಬಂದಾಗ ಅಕ್ಕ ಬಾಗಿಲ ಬಳಿ ಹಾಸಿಗೆ ಕೊಡವುತ್ತಿದ್ದಳು. ತಂಗಿಯನ್ನು ಕಂಡವಳೇ, ಏನೂ ಕೇಳದೆ, ತನ್ನ ದಿಂಬನ್ನು ಗೋಡೆಯ ಕಡೆಗೆ ಸರಿಸಿ ಜಾಗ ಮಾಡಿದಳು.

ಪಟಾಕಿ ಆ ದಿಂಬನ್ನೇ ನೋಡುತ್ತ ನಿಂತಳು. ಆಮೇಲೆ ಮಂಚದಿಂದ ತನ್ನ ದಿಂಬನ್ನು ಎಳೆದು ತಂದು ಗೋಡೆಯ ಬದಿಗೆ ಎಸೆದಳು.

"ಏಯ್, ಅಲ್ಲಿ ಸೆಕೆ. ಗಾಳಿ ಬರೋ ಕಡೆ ನೀನು ಮಲಕ್ಕೋ," ಎಂದಳು, ಸಿಡುಕಿನಿಂದಲೇ.