ಎಡಗಡೆ ಉಳಿದ ಕೈ

ಬೆಲ್ ಒತ್ತುವ ಮೊದಲೇ ಅವನು ಮಾತಾಡಲು ಶುರುಮಾಡಿದ್ದ.

ಆ ಬೆಲ್‌ನಲ್ಲಿ ಕ್ಯಾಮೆರಾ ಇದೆ, ಮೈಕ್ ಕೂಡ ಇದೆ, ಒಳಗೆ ಅಡುಗೆಮನೆಯಲ್ಲಿ ನಿಂತ ತುಳಸಿಯ ಫೋನಿಗೆ ತನ್ನ ಮುಖವೂ ದನಿಯೂ ನೇರ ಹೋಗುತ್ತಿವೆ ಅನ್ನುವುದು ಹಾಲಪ್ಪನಿಗೆ ಗೊತ್ತಿರಲಿಲ್ಲ. ಅರ್ಧ ಆಯುಷ್ಯ ಕುದುರೆ ಲಾಯದಲ್ಲಿ, ಇನ್ನರ್ಧ ಟ್ರಕ್ಕಿನ ಸೀಟಿನಲ್ಲಿ ಮಲಗಿದವನಿಗೆ, ಪೋರ್ಟರ್ ರ್ಯಾಂಚ್ ಅನ್ನುವ ಈ ಬಡಾವಣೆಯ ಬಾಗಿಲುಗಳಿಗೆ ಕಿವಿಯಿದೆ ಅಂತ ಯಾರು ಹೇಳಬೇಕು?

“ತುಳಸೀ, ಹ್ಯಾಂಗದಿ?” ಅಂದ. ತಾನೇ ತಲೆಯಾಡಿಸಿದ. “ಛೇ, ಬ್ಯಾಡ.” ಟೋಪಿ ತೆಗೆದು ಎದೆಗೆ ಒತ್ತಿಕೊಂಡ. “ತುಳಸಿಯವರೇ, ಹ್ಯಾಂಗದೀರಿ? ...ಥೂ, ಇನ್ಶೂರೆನ್ಸ್ ಮಾರಾಕ ಬಂದವರಂಗಾತು.”

ತುಳಸಿಗೆ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಮೀಸೆ ಪೂರ್ತಿ ಬೆಳ್ಳಗಾಗಿದೆ. ಬಲ ಭುಜ ಸ್ವಲ್ಪ ಇಳಿದಿದೆ. ಮುಂದೇನು ಹೇಳಲಿ ಎಂದು ಯೋಚಿಸುತ್ತ ಅವನು ಬೆಲ್ಟಿಗೆ ಹೆಬ್ಬೆರಳು ಸಿಕ್ಕಿಸಿ, ಒಂದು ಮೊಣಕಾಲು ಸಡಿಲಬಿಟ್ಟು ನಿಂತ. ಅದು ಕಾರ್ತಿಕೇಯ ನಿಲ್ಲುತ್ತಿದ್ದ ರೀತಿ. ಒಂದು ಗಳಿಗೆ ಆ ಪುಟ್ಟ ಪರದೆಯಲ್ಲಿ ಮಗನೇ ಬಾಗಿಲ ಹೊರಗೆ ನಿಂತಿದ್ದ, ಬೂಟಿನ ತುಂಬ ಮಣ್ಣು ಮೆತ್ತಿಕೊಂಡು, ಅಮ್ಮ ಬೈಯುತ್ತಾಳೆಂದು ಒಳಗೆ ಬರಲು ಹೆದರಿಕೊಂಡು.

ಅವಳು ಹೋಗಿ ಬಾಗಿಲು ತೆಗೆದಳು.

“ನಮಗೆ ಇನ್ಶೂರೆನ್ಸ್ ಬೇಡ.”

ಹಾಲಪ್ಪ ಬೆಚ್ಚಿದ. ಅವಳು ಬೆಲ್ಲಿನ ಕಡೆ ಕಣ್ಣಲ್ಲೇ ತೋರಿಸಿದಳು. ಅರುವತ್ತರ ಹತ್ತಿರದ ಆ ಬಿಸಿಲುಂಡ ಮುಖ ನಿಧಾನವಾಗಿ ಕಿವಿಯ ತನಕ ಕೆಂಪಾಯಿತು.

“ಎಲ್ಲಾ ಕೇಳಿಸ್ತೇನು?”

“ಎಲ್ಲಾ.”

ಹಿಂದೆ ಕುದುರೆಗಳ ಡಾಕ್ಟರಾಗಲು ಕ್ಯಾಲಿಫೋರ್ನಿಯಾಕ್ಕೆ ಓದಲು ಬಂದವನು ಹಾಲಪ್ಪ. ಒಂದು ಬೇಸಿಗೆ ಯಾರೋ ಗೆಳೆಯರು ರೋಡಿಯೋ ತೋರಿಸಿದರು. ಹುಚ್ಚು ಕುದುರೆಯ ಬೆನ್ನ ಮೇಲೆ ಎಂಟು ಸೆಕೆಂಡು ಕೂತರೆ ಗೆದ್ದ ಹಾಗೆ. ಚಿಕಿತ್ಸೆ ಮಾಡಬೇಕಾದವನು ಸವಾರನಾಗಿಬಿಟ್ಟ. ಕನ್ನಡ ಕೂಟದ ಎಂಜಿನಿಯರುಗಳು ಅವನ ಕೆಲಸವೇನೆಂದು ಎರಡೆರಡು ಸಲ ಕೇಳುತ್ತಿದ್ದರು. ಮೈಸೂರಿನಿಂದ ಎಂಎಸ್ ಮಾಡಲು ಬಂದಿದ್ದ ತುಳಸಿ ಮಾತ್ರ ಒಂದೇ ಸಲ ಕೇಳಿ, ಮರುವಾರ ಅವನ ಸವಾರಿ ನೋಡಲು ಹೋಗಿದ್ದಳು. ಮೇಧಾ ಹುಟ್ಟಿದಳು, ಆಮೇಲೆ ಕಾರ್ತಿಕೇಯ.

ಮಗನೂ ಕುದುರೆ ಹತ್ತಿದ. ಒಂಬತ್ತು ವರ್ಷದ ಹಿಂದೆ, ಮರುಭೂಮಿಯ ಒಂದು ಸಣ್ಣ ಊರಿನಲ್ಲಿ, ಅಪ್ಪ ನೋಡುತ್ತಿದ್ದಂತೆ ಬಿದ್ದ. ನೋಡುತ್ತಿದ್ದಂತೆ ಮಾತ್ರವಲ್ಲ. ಎಂಟು ಸೆಕೆಂಡು ಮುಗಿದ ಮೇಲೂ ಕುದುರೆ ನಿಲ್ಲುವುದಿಲ್ಲ. ಇನ್ನೊಬ್ಬ ಸವಾರ ಪಕ್ಕಕ್ಕೆ ಕುದುರೆ ತಂದು ಅವನನ್ನು ಇಳಿಸಿಕೊಳ್ಳಬೇಕು. ಅವತ್ತು ಪಕ್ಕಕ್ಕೆ ಹೋದವನು ಹಾಲಪ್ಪನೇ.

“ನಿಮ್ಮದು ಹಿಡಿಯೋ ಕೈ ಅಲ್ಲ,” ಅಂದಿದ್ದಳು ತುಳಸಿ, ಮಗನನ್ನು ಮಣ್ಣುಮಾಡಿ ಬಂದ ದಿನ. ಅವನು ಒಂದು ಬ್ಯಾಗ್ ಹಿಡಿದು ಹೊರಟುಹೋದ. ತಮ್ಮ ಹೋದ ವಾರವೇ ಅಪ್ಪನನ್ನೂ ಕಳಿಸಿದೆಯಲ್ಲ ಅಂತ ಅಮ್ಮನ ಮೇಲೆ ಮುನಿದು ಮೇಧಾ ಸ್ಯಾನ್ ಡಿಯಾಗೋಗೆ ಹೋದಳು. ಅಲ್ಲೇ ಮದುವೆಯಾದಳು, ಕಾರ್ಮೆಲ್ ವ್ಯಾಲಿಯಲ್ಲಿ ಮನೆ ಮಾಡಿದಳು. ಹಬ್ಬಕ್ಕೊಂದು ಫೋನ್, ಅಷ್ಟೇ.

ಈಗ ಅವಳಿಗೆ ಮಗು. ತೊಟ್ಟಿಲ ಶಾಸ್ತ್ರಕ್ಕೆ ಅಪ್ಪನಿಗೂ ಅಮ್ಮನಿಗೂ ಬೇರೆಬೇರೆಯಾಗಿ ಫೋನ್ ಮಾಡಿ ಒಂದೇ ಮಾತು ಹೇಳಿದ್ದಳು: “ಬೋತ್ ಆಫ್ ಯೂ, ಟುಗೆದರ್. ಒಬ್ಬೊಬ್ಬರೇ ಬಂದ್ರೆ ನಾನು ಡೋರ್ ಓಪನ್ ಮಾಡಲ್ಲ.”

*

ಟ್ರಕ್ಕಿನ ಮುಂದೆ ಉದ್ದಕ್ಕೆ ಒಂದೇ ಸೀಟು. ಮೂವರು ಕೂರಬಹುದು. ನಡುವಿನ ಜಾಗ ಬಿಟ್ಟು ತುಳಸಿ ಕಿಟಕಿಗೆ ಒತ್ತಿ ಕೂತಳು. ಆ ನಡುವಿನ ಜಾಗದಲ್ಲಿ ಯಾರು ಕೂರುತ್ತಿದ್ದರು ಅಂತ ಇಬ್ಬರೂ ಹೇಳಲಿಲ್ಲ.

ಹಾಲಪ್ಪ ಟೋಪಿಯನ್ನು ಬೋರಲು ಹಾಕದೆ, ಬಟ್ಟಲಿನ ಹಾಗೆ ಮೇಲ್ಮುಖವಾಗಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ.

“ಇನ್ನೂ ಅದೃಷ್ಟ ಸೋರಿಹೋಗತ್ತೆ ಅಂತ ಭಯಾನಾ?”

“ಸೋರಾಕ ಏನ್ ಉಳದೈತಿ. ರೂಢಿ, ಅಷ್ಟ.”

ಅವಳು ಓರೆಗಣ್ಣಲ್ಲಿ ನೋಡಿದಳು. ಬಲಗೈಯಲ್ಲಿ ಸ್ಟೇರಿಂಗ್. ಎಡಗೈಯನ್ನು ಮಾತ್ರ ಮೈಯಿಂದ ಒಂದಿಷ್ಟು ದೂರ ಎತ್ತಿ ಹಿಡಿದಿದ್ದ. ತೋಳಿಗೂ ಸೊಂಟಕ್ಕೂ ನಡುವೆ ಯಾರಿಗೋ ಜಾಗ ಬಿಟ್ಟ ಹಾಗೆ.

“ಕೈ ನೋವಾ?”

“ಇಲ್ಲ,” ಅಂದ.

ದಾರಿಯಲ್ಲಿ ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಹೂವು, ಕೊಬ್ಬರಿ, ಕಡಲೆ ತಗೊಂಡರು. ಉಳಿದದ್ದು ಒಂದೇ, ಗುಂಡುಕಲ್ಲು. ಹಾಲಪ್ಪನ ಕಡೆಯವರಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಿಗೆ ಕಲ್ಲನ್ನು ಹಾಕಬೇಕು. ಅದಕ್ಕೆ ಕುಲಾವಿ ತೊಡಿಸಿ, ಕಿವಿಯಲ್ಲಿ ‘ಗುಂಡಪ್ಪ’ ಅಂತ ಹೆಸರು ಹೇಳಿ, ತೊಟ್ಟಿಲ ಕೆಳಗಿನಿಂದ ಕೈಯಿಂದ ಕೈಗೆ ದಾಟಿಸಬೇಕು. ಬರುವ ಕೇಡೆಲ್ಲ ಕಲ್ಲಿಗೆ ತಟ್ಟಲಿ, ಕೂಸು ಗಟ್ಟಿಯಾಗಲಿ ಅಂತ.

ಅಂಗಡಿಯವನು ಏಲಕ್ಕಿ ಕುಟ್ಟುವ ಕಲ್ಲು ತಂದು ತೋರಿಸಿದ.

“ಇದು ಗುಂಡಪ್ಪ ಅಲ್ಲ, ಗುಂಡಪ್ಪನ ಹೆಬ್ಬೆರಳು,” ಅಂದ ಹಾಲಪ್ಪ.

ತುಳಸಿ ಕ್ಯಾಲೆಂಡರ್ ನೋಡುವವಳಂತೆ ಗೋಡೆ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು.

“ನಗಾಕತ್ತೀಯೇನು?”

“ಕೆಮ್ಮು.”

ಕೊನೆಗೆ ಒಳಗಿನಿಂದ ದೊಡ್ಡದೊಂದು ಬಂತು, ಕರೀ ಕಲ್ಲು, ನುಣುಪು, ಹುಟ್ಟಿದ ಮಗುವಿನಷ್ಟೇ ಭಾರ. ಹಾಲಪ್ಪ ಅದನ್ನು ತನ್ನ ಜಾಕೆಟ್ಟಿನಲ್ಲಿ ಸುತ್ತಿ ತಂದು, ನಡುವಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿದ. ಬೆಲ್ಟ್ ಸರಿಯಾಗಿ ಬಿಗಿದಿದೆಯಾ ಅಂತ ಎಳೆದು ನೋಡಿದ. ಇನ್ನೊಮ್ಮೆ ಎಳೆದು ನೋಡಿದ.

ತುಳಸಿ ನಗಲಿಲ್ಲ.

ಬಲಗಡೆ ಸಮುದ್ರ ಕಾಣಿಸಿಕೊಂಡಿತು. ಮಧ್ಯಾಹ್ನದ ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಅದನ್ನೇ ನೋಡುತ್ತ ಅವಳು ಕೇಳಿದಳು, “ಶಾಸ್ತ್ರ ಮುಗಿದ ಮೇಲೆ?”

“ನೆವಾಡಾ. ಶನಿವಾರ ಒಂದೈತಿ. ಮುದುಕರ ರೋಡಿಯೋ.”

“ಮುದುಕರಿಗೂ ಇದೆಯಾ!”

“ಸವಾರರಷ್ಟ ಮುದುಕರು. ಕುದುರಿಗೆ ವಯಸ್ಸಾಗಿರಾಂಗಿಲ್ಲ.”

“ಆ ಭುಜ ಇಟ್ಕೊಂಡು?”

“ಮತ್ತೇನ್ ಮಾಡ್ಲಿ, ತುಳಸಿ? ಇಳಿಯೂದು ಹ್ಯಾಂಗಂತ ನನಗ ಗೊತ್ತಿಲ್ಲ.” ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. “ಅವತ್ತು ನಾ ಪಕ್ಕಕ್ಕ ಹೋದೆ. ಸೊಂಟ ಹಿಡ್ಕೋ, ಕುದುರಿ ಬಿಡು ಅಂದೆ. ಹಿಡ್ಕೊಂಡ. ಖರೇನ ಹಿಡ್ಕೊಂಡಿದ್ದ. ಇಲ್ಲಿ, ಎಡಗಡೆ. ಆಮ್ಯಾಲೆ ಅವನ ಕುದುರಿ ಮುಗ್ಗರಿಸ್ತು. ಆ ಕೈ ಇನ್ನೂ ಹೋಗಿಲ್ಲ. ಐದೂ ಬೆರಳು ಗೊತ್ತಾಗ್ತಾವ. ನಾ ಜೋರಾಗಿ ಅಲುಗಾಡಿದರ ಬಿಟ್ಟುಹೋಗ್ತಾನೇನೋ ಅಂತ...”

ಅದಕ್ಕೇ ಆ ತೋಳು ಹಾಗೆ. ಒಂಬತ್ತು ವರ್ಷ ಜಾಗ ಬಿಟ್ಟುಕೊಂಡು ಬದುಕಿದ್ದಾನೆ ಈ ಮನುಷ್ಯ.

ತುಳಸಿಗೆ ತನ್ನ ಮನೆಯ ಮಹಡಿ ನೆನಪಾಯಿತು. ಮಗನ ಖಾಲಿ ಕೋಣೆಯ ದೀಪವನ್ನು ದಿನಾ ಸಂಜೆ ಹಾಕಿ ಬರುತ್ತಾಳೆ. ಕೆಲವು ಸಲ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿ, ಇಳಿಯುತ್ತಿದ್ದವಳು ಗೋಡೆಗೆ ಸರಿದು ದಾರಿ ಬಿಡುತ್ತಾಳೆ. ಅದನ್ನು ಹೇಳಬೇಕೆಂದುಕೊಂಡಳು. ಬೆಲ್ಟ್ ಹಾಕಿದ ಕಲ್ಲಿನ ಮೇಲೆ ಕೈಯಿಟ್ಟು ಕೂತಳು.

*

ಮೇಧಾ ಬಾಗಿಲು ತೆಗೆದಳು. ಮೊದಲು ಅಪ್ಪನನ್ನು ನೋಡಿದಳು, ಆಮೇಲೆ ಅಮ್ಮನನ್ನು, ಆಮೇಲೆ ಇಬ್ಬರ ನಡುವಿನ ಅಂತರವನ್ನು.

“ಯೂ ಕೇಮ್,” ಅಂದಳು. ತಬ್ಬಿಕೊಳ್ಳಲಿಲ್ಲ. ಆದರೆ ದಾರಿ ಬಿಟ್ಟಳು.

ಅಳಿಯ ವಿಕ್ರಮನ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ತೊಟ್ಟಿಲ ಒಂದು ಬದಿಗೆ ತುಳಸಿ; ಇನ್ನೊಂದು ಬದಿಗೆ ಯಾರು ಅನ್ನುವ ಪ್ರಶ್ನೆ ಬಂತು.

“ಅಪ್ಪ ನಿಂತ್ಕೋತಾರೆ,” ಅಂದಳು ಮೇಧಾ.

“ಗಂಡಸರು ನಿಂತ್ಕೊಳ್ಳಲ್ಲ ಕಣಮ್ಮ,” ಪಕ್ಕದ ಮನೆಯ ವಿಜಯಾ ಆಂಟಿ ರಾಗ ಎಳೆದರು.

“ಇಟ್ಸ್ ಫೈನ್, ಆಂಟಿ.” ಮೇಧಾಳ ಕಣ್ಣು ಅಮ್ಮನ ಮೇಲಿತ್ತು. “ಅಮ್ಮ ಕೊಡ್ಲಿ. ಅಪ್ಪ ಹಿಡ್ಕೊಳ್ಳಲಿ.”

ಹಾಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. “ನಾ ಬ್ಯಾಡ. ನನ್ನ ಕೈ...” ಅಂದವನು, ತುಳಸಿಯನ್ನು ನೋಡಿ ಸುಮ್ಮನಾದ. ತಾನು ಅವತ್ತು ಆಡಿದ ಮಾತು ಅವನ ಬಾಯಲ್ಲಿ ಅರ್ಧಕ್ಕೆ ನಿಂತದ್ದು ತುಳಸಿಗೆ ಕಂಡಿತು.

ಕಲ್ಲಿಗೆ ಕುಲಾವಿ ಹಾಕಿ ಅವಳ ಮಡಿಲಿಗೆ ಕೊಟ್ಟರು. ಕಿವಿ ಎಲ್ಲಿರಬಹುದು ಅಂತ ಅಂದಾಜು ಮಾಡಿ ಅವಳು ಬಗ್ಗಿದಳು. ಗುಂಡಪ್ಪ ಅಂದರೆ ಸಾಕಿತ್ತು. ಎಲ್ಲರೂ ನಗಲು ಕಾದಿದ್ದರು.

“ಕಾರ್ತಿಕೇಯ,” ಅಂದಳು.

ಒಂಬತ್ತು ವರ್ಷದಲ್ಲಿ ಮೊದಲ ಸಲ. ಪಿಸುಮಾತೇ ಆದರೂ ಇಡೀ ಕೋಣೆಗೆ ಕೇಳಿಸಿತು. ಮೇಧಾ ಬಾಯಿಗೆ ಕೈ ಅಡ್ಡ ಇಟ್ಟಳು. ಕಲ್ಲು ತಣ್ಣಗಿತ್ತು, ಅವಳ ಉಸಿರು ತಾಗಿದ ಕಡೆ ಮಾತ್ರ ಬೆಚ್ಚಗಾಯಿತು. “ಕಾರ್ತಿಕೇಯ. ಕಾರ್ತಿ. ಹೋಗು, ಅಪ್ಪನ ಹತ್ರ ಹೋಗು.”

ತೊಟ್ಟಿಲ ಕೆಳಗಿನಿಂದ ಚಾಚಿದಳು. ಆ ಕಡೆ ಹಾಲಪ್ಪ ನೋಯುವ ಮೊಣಕಾಲು ಊರಿ ನೆಲಕ್ಕೆ ಕೂತಿದ್ದ. ಎರಡೂ ಕೈ ಚಾಚಿದ್ದ. ಕಲ್ಲಿನ ಭಾರ ಬಿದ್ದ ಕೂಡಲೇ ಬೆರಳು ಬಿಗಿದವು. ಅವನು ಅದನ್ನು ಎದೆಗೊತ್ತಿಕೊಂಡು, ಕುಲಾವಿಯ ಮೇಲೆ ಗಲ್ಲ ಊರಿದ. ಬಹಳ ಹೊತ್ತು ಹಾಗೇ ಕೂತ. ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಮಗು. ಅದಕ್ಕೆ ಅದರದೇ ಹೊಸ ಹೆಸರು. ತುಳಸಿ ಅದನ್ನು ಎತ್ತಿಕೊಂಡು ಅರೆಗಳಿಗೆ ನಿಂತಳು. ಬಿಸಿ, ಮೆದು, ಜೀವ. ಬಗ್ಗಿ, ಹಾಲಪ್ಪನ ಕಣ್ಣಲ್ಲಿ ಕಣ್ಣಿಟ್ಟಳು.

“ಹಿಡ್ಕೊಳ್ಳಿ,” ಅಂದಳು. ಬಿಟ್ಟಳು.

ಹಿಡಿದುಕೊಂಡ.

*

ಸಂಜೆ ಬೀದಿಯಲ್ಲಿ ಟ್ರಕ್ಕಿನ ಪಕ್ಕ ಟೋಪಿ ತಿರುಗಿಸುತ್ತ ನಿಂತಿದ್ದ. ತುಳಸಿ ಹೊರಗೆ ಬಂದಳು.

“ನಿನ್ನನ್ನ ಮನೀಗೆ ಬಿಟ್ಟು, ಹಂಗ ನೆವಾಡಾಕ್ಕ...”

“ನಾನು ಇವತ್ತು ಇಲ್ಲೇ ಇರ್ತೀನಿ. ಮೇಧಾ ಇರು ಅಂದಳು.” ಮನೆಯ ಕಡೆ ತಿರುಗಿ ನೋಡಿದಳು. “ಎರಡು ದಿಂಬು ಇಟ್ಟಿದ್ದಾಳೆ.”

ಅವನು ಓಡಿ ಓಡಿ ನಿಲ್ಲುವುದು ಮರೆತ ಪ್ರಾಣಿಯ ಹಾಗೆ ನೋಡಿದ.

ಅವಳು ಅವನ ಎಡಕ್ಕೆ ಬಂದು ಹತ್ತಿರ ನಿಂತಳು. ಟೋಪಿಯನ್ನು ಅವನ ಕೈಯಿಂದ ತೆಗೆದು, ಬಟ್ಟಲಿನ ಹಾಗೆ ಮೇಲ್ಮುಖವಾಗಿ ಟ್ರಕ್ಕಿನ ಮೇಲಿಟ್ಟಳು.

“ಎಂಟು ಸೆಕೆಂಡು ಯಾವತ್ತೋ ಮುಗೀತು, ರೀ,” ಅಂದಳು. “ಪಕ್ಕಕ್ಕೆ ಬಂದಿದೀನಿ. ಹಿಡ್ಕೊಳ್ಳಿ. ಕುದುರೆ ಬಿಡಿ.”

ಅವನು ಎತ್ತಿ ಹಿಡಿದಿದ್ದ ತೋಳು ಮೆಲ್ಲಗೆ ಇಳಿದು ಅವಳ ಹೆಗಲು ಬಳಸಿತು. ಅವಳ ಕೈ, ಹೆದರುತ್ತ ಹೆದರುತ್ತ, ಅವನ ಎಡ ಸೊಂಟದ ಮೇಲೆ ಕೂತಿತು.

“ಇದ್ದಾನಾ?” ಕೇಳಿದಳು.

“ಅದಾನ,” ಅಂದ ಹಾಲಪ್ಪ. “ನಿನ್ನ ಕೈ ಕೆಳಗ.”