ಅಜ್ಜಿಯ ಹೆಬ್ಬೆರಳು, ರಾಧಾಳ ಎಡಗಾಲು

ಕುರುಡುಮಲೆಯ ವಿನಾಯಕನಿಗೆ ನಮಸ್ಕಾರ. ಮೊರದಗಲ ಕಿವಿಯಿಂದ ಲೋಕದ ಮಾತನ್ನೆಲ್ಲ ಆಲಿಸುವ ಸ್ವಾಮಿಯೇ, ಈ ಪುಟ್ಟ ಕತೆಯನ್ನೂ ಆಲಿಸು. ಹೇಳುವ ನಾಲಗೆ ತಡವರಿಸದಂತೆ, ಕೇಳುವ ಮಕ್ಕಳ ಮನಸ್ಸು ಅರಳುವಂತೆ ಹರಸು.

“ಇನ್ನೊಂದ್ಸಲ, ತಾಯೀ! ಸ್ವಲ್ಪ ಕೆಳಗೆ… ಹಾಂ, ಅಲ್ಲೇ!”

ಜಗಲಿಯ ಮೇಲೆ ಬೋರಲು ಮಲಗಿದ್ದ ಪಕ್ಕದ ಮನೆಯ ಕೋದಂಡರಾಮಪ್ಪ ಕೂಗಿದರು. ಐದನೆಯ ತರಗತಿಯ ರಾಧಾ ಗೋಡೆಯನ್ನು ಹಿಡಿದು ನಿಂತು, ಎಡಗಾಲಿನ ಹಿಮ್ಮಡಿಯಿಂದ ಅವರ ಸೊಂಟಕ್ಕೆ ಮೂರನೆಯ ಸಲ ಮೆಲ್ಲಗೆ ಒದ್ದಳು.

ಕೋದಂಡರಾಮಪ್ಪ ಎದ್ದು ಕುಳಿತು ಸೊಂಟವನ್ನು ಆಚೀಚೆ ತಿರುಗಿಸಿದರು. “ಬಿಡ್ತು ನೋಡು! ಎಂಬಿಬಿಎಸ್ ಓದ್ದೇನೇ ಡಾಕ್ಟರು ಕಣಮ್ಮ ನೀನು!”

ರಾಧಾ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿತ್ತಂತೆ. ಹಾಗೆ ಹುಟ್ಟಿದವರು ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎಂದು ದೇವರಾಯಸಮುದ್ರದ ಹಿರಿಯರು ನಂಬಿದ್ದರು. ಹೀಗಾಗಿ ತಿಂಗಳಿಗೊಬ್ಬರಾದರೂ ಅವಳ ಎಡಗಾಲನ್ನು ಹುಡುಕಿಕೊಂಡು ಬರುತ್ತಿದ್ದರು. ರಾಧಾ ಬಾಗಿ ಕೋದಂಡರಾಮಪ್ಪನವರ ಪಾದ ಮುಟ್ಟಿದಳು. ಹಿರಿಯರಿಗೆ ಕಾಲು ತಾಗಿಸಿದ ಮೇಲೆ ನಮಸ್ಕಾರ ಮಾಡಬೇಕೆಂಬುದು ಅಜ್ಜಿ ಕಲಿಸಿದ ಪಾಠ.

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಢಣ್ ಎಂಬ ಸದ್ದು ಬಂತು.

ಓಡಿಹೋಗಿ ನೋಡಿದರೆ ಬಕೆಟ್ ಉರುಳಿತ್ತು. ಹಾಲು ನೆಲದ ಮೇಲೆ ಹರಿಯುತ್ತಿತ್ತು. ಅಜ್ಜಿ ಮುನಿಲಕ್ಷ್ಮಮ್ಮ ಬಲಗೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದರು.

“ಹಸು ಒದೀತಾ ಅಜ್ಜಿ?”

“ಇಲ್ಲ ಕಣೇ. ಬಕೆಟ್ ಎತ್ತೋವಾಗ ಕೈ ಜಾರ್ತು. ಹೆಬ್ಬೆರಳು ಉಳುಕಿದೆ ಅನ್ಸತ್ತೆ.”

“ಉಳುಕಾ? ನಾನಿದೀನಲ್ಲ!”

ರಾಧಾ ನಲ್ಲಿಯ ಬಳಿ ಓಡಿ, ಎಡಗಾಲನ್ನು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದಳು. ಅಜ್ಜಿ ಒಂದು ಕ್ಷಣ ಅವಳ ಮುಖವನ್ನು ನೋಡಿದರು. ಆಮೇಲೆ ಗೋಣಿಚೀಲದ ಮೇಲೆ ಅಂಗೈಯನ್ನು ಹರವಿದರು.

ಮೊದಲ ಎರಡು ಸಲ ರಾಧಾ ಹಗುರವಾಗಿಯೇ ಒದ್ದಳು. ಅಜ್ಜಿಗೆ ಪೂರ್ತಿ ಗುಣವಾಗಲಿ ಎಂದು ಮೂರನೆಯದನ್ನು ಸ್ವಲ್ಪ ಜೋರಾಗಿ ಒದ್ದಳು. ಅಜ್ಜಿ ಸೆರಗಿನ ತುದಿಯನ್ನು ಕಚ್ಚಿಕೊಂಡರು.

“ಹೋಯ್ತಾ ಅಜ್ಜಿ?”

“ಹೋಯ್ತು ನಾ ತಲ್ಲಿ, ಹೋಯ್ತು,” ಎಂದು ಅಜ್ಜಿ ತೆಲುಗು ಬೆರೆಸಿ ಮುದ್ದಿಸಿದರು.

ಆದರೆ ಹೋಗಿರಲಿಲ್ಲ. ಮರುದಿನ ಬೆಳಗ್ಗೆ ಅಜ್ಜಿಯ ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ಅಮ್ಮ ಆರು ಗಂಟೆಗೇ ಫ್ಯಾಕ್ಟರಿ ಬಸ್ ಹತ್ತುತ್ತಿದ್ದರಿಂದ ಅಡುಗೆ ಅಜ್ಜಿಯದು. ಅಂದು ಅಜ್ಜಿಗೆ ಮುದ್ದೆಯ ಕೋಲು ಹಿಡಿಯಲಾಗಲಿಲ್ಲ. ರಾಗಿಹಿಟ್ಟು ಪಾತ್ರೆಯಲ್ಲೇ ಗಂಟುಗಂಟಾಯಿತು. ಹಾಲು ಕರೆಯಲು ಕುಳಿತ ಅಪ್ಪನಿಗೆ ಹಸು ಬಾಲದಿಂದ ಎರಡೇಟು ಕೊಟ್ಟಿತು. ಅದನ್ನು ನೋಡಿಯೂ ರಾಧಾಗೆ ನಗು ಬರಲಿಲ್ಲ.

ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಅವಳು ಗೆಳತಿ ಬುಶ್ರಾಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು.

“ಊದಿದ್ಯಾ? ಹಂಗಾದ್ರೆ ಫ್ರ್ಯಾಕ್ಚರ್ ಕಣೇ!” ಎಂದು ಬುಶ್ರಾ ಕಣ್ಣರಳಿಸಿದಳು. “ನಮ್ಮ ಮಾಮೂಗೂ ಹಿಂಗೇ ಊದಿತ್ತು. ಮೂಳೆ ಕೂಡ್ಲಿ ಅಂತ ಪುತ್ತೂರ್ ಕಟ್ಟು ಹಾಕ್ಸಿದ್ರು. ಮೂರು ತಿಂಗಳು ಬೆಡ್ಡಲ್ಲೇ!”

“ಬೆರಳಿಗೂ ಬೆಡ್ಡಾ?”

“ಮಾಮೂದು ಕಾಲು. ಆದ್ರೂ ಮೂಳೆ ಮೂಳೇನೇ ತಾನೆ?”

ತಟ್ಟೆಯಲ್ಲಿದ್ದ ಅನ್ನ ಸಾರು ಹಾಗೆಯೇ ಉಳಿಯಿತು. ‘ಅಜ್ಜಿಯ ಬೆರಳನ್ನು ಮುರಿದವಳು ನಾನೇ’ ಎಂಬುದೊಂದೇ ಯೋಚನೆ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಎರಡು ದಿನ ಅವಳು ಅಜ್ಜಿಯ ಕೈಯ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಪ್ಪ ಅಜ್ಜಿಯನ್ನು ಮುಳಬಾಗಿಲಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರು. “ನಾನೂ ಬರ್ತೀನಿ” ಎಂದು ರಾಧಾ ಹಟ ಹಿಡಿದು ಬಸ್ ಹತ್ತಿದಳು.

ಡಾಕ್ಟರ್ ಮುರಳಿಮೋಹನ್ ಅಜ್ಜಿಯ ಹೆಬ್ಬೆರಳನ್ನು ನಿಧಾನವಾಗಿ ತಿರುಗಿಸಿ ನೋಡಿದರು. “ಪೆಟ್ಟು ಏನಾದ್ರೂ ಬಿತ್ತಾ ಅಮ್ಮ?”

“ಇಲ್ಲ ಸ್ವಾಮಿ. ಬಕೆಟ್ ಎತ್ತೋವಾಗ…”

“ಸುಳ್ಳು!” ರಾಧಾ ಮೇಜಿನ ಹತ್ತಿರ ಬಂದಳು. “ನಾನು ಒದ್ದೆ, ಸಾರ್. ಮೂರು ಸಲ. ಮೂರನೇದು ಜೋರಾಗಿ.”

ಅಪ್ಪ ಬೆಚ್ಚಿ ತಿರುಗಿದರು. ಡಾಕ್ಟರು ಮಾತ್ರ ನಗಲೂ ಇಲ್ಲ, ಗದರಲೂ ಇಲ್ಲ. ಅವಳು ಎಡಗಾಲಿನ ಸಂಗತಿಯನ್ನೆಲ್ಲ ಹೇಳಿ ಮುಗಿಸುವ ತನಕ ಕೇಳಿಸಿಕೊಂಡು, ಒಂದು ಎಕ್ಸ್‌ರೇ ತೆಗೆಸಿಕೊಂಡು ಬರಲು ಹೇಳಿದರು.

ಎಕ್ಸ್‌ರೇ ಬಂದಾಗ ಅದನ್ನು ಬೆಳಕಿಗೆ ಹಿಡಿದು ರಾಧಾಳನ್ನು ಹತ್ತಿರ ಕರೆದರು. “ಮೂಳೆ ಎಲ್ಲೂ ಮುರಿದಿಲ್ಲ, ನೋಡು. ಈಗ ನಿನ್ನ ಹೆಬ್ಬೆರಳಿನ ಬುಡ ಮುಟ್ಕೋ. ಮಣಿಕಟ್ಟಿನ ಹತ್ರ ಒಂದು ಕೀಲು ಸಿಗತ್ತಾ? ಪೆನ್ನು ಹಿಡಿಯೋದು, ಬೀಗ ತಿರುಗಿಸೋದು, ಎಲ್ಲಾದ್ರ ಭಾರಾನೂ ಅಲ್ಲೇ ಬೀಳತ್ತೆ. ಕೀಲಲ್ಲಿ ಮೂಳೆಗಳ ತುದಿಗೆ ಎಳೆ ತೆಂಗಿನ ತಿರುಳಿನ ಥರ ನುಣುಪಾದ ಪದರ ಇರತ್ತೆ. ಅಜ್ಜಿ ಕೈಯಲ್ಲಿ ಅದು ಸವೆದಿದೆ. ಮೂಳೆಗೆ ಮೂಳೆ ಉಜ್ಜತ್ತೆ, ಅದಕ್ಕೇ ನೋವು. ಇದನ್ನ ಆರ್ಥರೈಟಿಸ್ ಅಂತಾರೆ, ಸಂಧಿವಾತ.”

“ನಾನು ಒದ್ದಿದ್ದಕ್ಕೆ ಸವೆದುಹೋಯ್ತಾ?”

“ಒಂದು ದಿನದಲ್ಲಿ ಸವೆಯೋದಲ್ಲಮ್ಮ ಇದು. ವರ್ಷಗಳೇ ಆಗಿವೆ. ಆದ್ರೆ ನೊಂದಿರೋ ಕೀಲಿಗೆ ಒದ್ರೆ ನೋವು ಜಾಸ್ತಿ ಆಗತ್ತೆ. ಅದಂತೂ ನಿಜ.”

ರಾಧಾ ತಲೆಯಾಡಿಸಿದಳು.

“ಪೂರಾ ವಾಸಿ ಆಗತ್ತಾ ಸಾರ್?” ಎಂದು ಅಪ್ಪ ಕೇಳಿದರು.

“ಸವೆದದ್ದು ವಾಪಸ್ ಬರಲ್ಲ. ನೋವು ಕಮ್ಮಿ ಮಾಡ್ಬಹುದು. ಈ ಪಟ್ಟಿ ಹಾಕ್ಕೊಳ್ಳಲಿ, ಬಿಸಿನೀರಲ್ಲಿ ಕೈ ಇಡಲಿ, ಮುಲಾಮು ಬರ್ಕೊಡ್ತೀನಿ. ಹಾಲು ಹೇಗೆ ಕರೀತೀರಮ್ಮ, ತೋರ್ಸಿ?”

ಅಜ್ಜಿ ಎಡಗೈಯ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಉಳಿದ ಬೆರಳುಗಳನ್ನು ಅದರ ಗೆಣ್ಣಿಗೆ ಒತ್ತಿ ತೋರಿಸಿದರು.

“ಇಷ್ಟು ವರ್ಷದಿಂದ ಹೀಗೇನಾ? ಇನ್ನು ಹೆಬ್ಬೆರಳು ಮಡಚಬೇಡಿ. ಹಸು ನಿಮ್ಮ ಮಗ ನೋಡ್ಕೊಳ್ಳಲಿ.”

“ಅದು ಇವನನ್ನ ಬಾಲದಲ್ಲೇ ಬಾರಿಸತ್ತೆ ಸ್ವಾಮಿ,” ಎಂದರು ಅಜ್ಜಿ. ಅಪ್ಪ ಕೆನ್ನೆ ಸವರಿಕೊಂಡರು.

ಬಸ್ ನಿಲ್ದಾಣದಲ್ಲಿ ಅಪ್ಪ ಬಸ್ಸಿನ ಹೊತ್ತು ಕೇಳಲು ಹೋದಾಗ, ಅಜ್ಜಿ ಎಂದಿನಂತೆ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಕೊಂಡು ರಾಧಾಳ ಮಡಿಲಿಗಿಟ್ಟರು. ಪಟ್ಟಿ ಕಟ್ಟಿದ ಬಲಗೈ ಅವರ ತೊಡೆಯ ಮೇಲಿತ್ತು.

“ಅಜ್ಜಿ, ಅದು ಉಳುಕಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಎರಡು ವರ್ಷದಿಂದ ನೋಯ್ತಾನೇ ಇದೆ. ಗೊತ್ತಾಗ್ದೆ ಇರತ್ತಾ?”

“ಮತ್ತೆ ಬೇಡ ಅಂತ ಯಾಕೆ ಹೇಳ್ಲಿಲ್ಲ?”

“ಕಾಲು ತೊಳ್ಕೊಂಡು ಬಂದು ನಿಂತಿದ್ದೆಯಲ್ಲೇ,” ಎಂದು ಅಜ್ಜಿ ಸಣ್ಣಗೆ ನಕ್ಕರು. “ನಿನ್ನ ಮುಖ ನೋಡಿದ್ಮೇಲೆ ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ.”

ಎರಡು ವರ್ಷ! ಯೂನಿಫಾರ್ಮಿನ ಹುಕ್ಕನ್ನು ‘ನೀನೇ ಹಾಕ್ಕೋ, ದೊಡ್ಡವಳಾದೆ’ ಎಂದು ಅಜ್ಜಿ ಹೇಳಿದ್ದು, ತಾವೇ ಕಟ್ಟುತ್ತಿದ್ದ ಕನಕಾಂಬರವನ್ನು ಅಂಗಡಿಯಿಂದ ತರಿಸತೊಡಗಿದ್ದು, ಅದಕ್ಕೆಲ್ಲ ತಾನು ಮುನಿಸಿಕೊಂಡಿದ್ದು ರಾಧಾಗೆ ಒಂದೊಂದಾಗಿ ನೆನಪಾದವು.

“ತಿನ್ನೇ, ಆರೋಗತ್ತೆ.”

“ನೀನು?”

“ನಂಗ್ಯಾಕೆ? ನಂಗೆ ಅದು ಸೇರಲ್ಲ.”

ಈ ಮಾತನ್ನೂ ರಾಧಾ ಎಷ್ಟೋ ಸಲ ಕೇಳಿದ್ದಳು. ಅವಳು ಒಂದು ಕಡಲೆಕಾಯಿಯನ್ನು ಕೈಗೆತ್ತಿಕೊಂಡಳು. ಸಿಪ್ಪೆ ಬಿರಿಯಬೇಕಾದರೆ ಹೆಬ್ಬೆರಳಿನಿಂದ ಒತ್ತಬೇಕಿತ್ತು. ಒತ್ತಿದಳು. ಬುಡದ ಕೀಲು ಬಿಗಿಯಾದದ್ದು ಅವಳಿಗೆ ತಿಳಿಯಿತು. ಅವಳ ಕೈ ಅಲ್ಲೇ ನಿಂತಿತು.

ಮತ್ತೆ ಅವಳು ತನ್ನ ಬಾಯಿಗೆ ಒಂದು ಬೀಜವನ್ನೂ ಹಾಕಿಕೊಳ್ಳದೆ ಐದಾರು ಕಾಯಿಗಳನ್ನು ಸುಲಿದು, ಬೀಜಗಳನ್ನೆಲ್ಲ ಅಜ್ಜಿಯ ಎಡ ಅಂಗೈಯಲ್ಲಿ ಸುರಿದಳು. ಅಜ್ಜಿ ಬೇಡವೆನ್ನಲಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಆಮೇಲೆ ಇನ್ನೊಂದು. ನೋಡನೋಡುತ್ತ ಅಂಗೈ ಬರಿದಾಯಿತು.

ರಾಧಾ ಮುಂದಿನ ಕಾಯಿಯನ್ನು ಸುಲಿಯತೊಡಗಿದಳು.

ಈ ಕತೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಭಗವಂತ ಆಯುರಾರೋಗ್ಯವನ್ನು ಕೊಡಲಿ. ಎಲ್ಲರ ಮನೆಯ ಹಿರಿಯರ ನೋವು ತಗ್ಗಲಿ, ಎಲ್ಲರಿಗೂ ಒಳಿತಾಗಲಿ.